ಮಳೆನೀರಿನ ಅನುದಾನವೂ ನನ್ನ ಆಣೆಯೂ

ಗಟಾರದ ನೀರು ತಿಳಿಯಾಗುವ ತನಕ ಮಗಳ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ ತಾಯಿ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಪುರಾಣದ ಹೆಂಗಸರು ಆಣೆ ಮಾಡಿದರೆ ಯುದ್ಧ ನಡೆಯುತ್ತಿದ್ದವು, ರಾಜ್ಯ ಉರುಳುತ್ತಿದ್ದವು. ನನ್ನ ಆಣೆ ಟೆಂಡರಿಗೆ ಕಾಯುತ್ತ ಕೂತಿತು. ನಗಬೇಡ್ರಿ. ನಗುವುದಾದರೆ ಪೂರ್ತಿ ಕೇಳಿ ನಗ್ರಿ.

ದಾಂಡೇಲಿಯ ಒಂದು ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಬಗಲಿಗೇ ಒಂದು ಹಳ್ಳ. ಹಳ್ಳ ಅಂದೆನಲ್ಲ, ಆ ಹೆಸರು ಅದಕ್ಕೆ ಕಾಡಿನಿಂದ ಇಳಿದು ಬರುವಷ್ಟು ಹೊತ್ತು ಮಾತ್ರ. ಶಾಲೆ ದಾಟಿದರೆ ಅದು ನಾಲಾ. ನನ್ನ ಗಿರಣಿಗೆ ಬರುವಷ್ಟರಲ್ಲಿ ಗಟಾರ. ಕಚೇರಿಯ ಕಾಗದದಲ್ಲಿ ಮಳೆನೀರು ಚರಂಡಿ. ಇನ್ನೊಂದಿಷ್ಟು ದೂರ ಹರಿದು ಕಾಳಿ ನದಿಗೆ ಬಿದ್ದರೆ ಸಾಕು, ಅದೇ ನೀರಿಗೆ ನಾವು ಅರಿಷಿಣ ಕುಂಕುಮ ಏರಿಸಿ ತಾಯಿ ಅನ್ನುತ್ತೇವೆ. ಹೆಣ್ಣುಮಕ್ಕಳ ಹಾಗೆಯೇ, ಹೋದ ಮನೆಗೊಂದು ಹೆಸರು. ನಾನೂ ತವರಿನಲ್ಲಿ ನೀಲವ್ವ, ಗಂಡನ ಮನೆಯಲ್ಲಿ ಶೈಲಾ, ಗಂಡ ಹೋದ ಮೇಲೆ ಓಣಿಗೆಲ್ಲ ಗಿರಣಿ ಅಕ್ಕ. ಹಿಟ್ಟು ಬೀಸಿ ಬೀಸಿ ತಲೆಗೂದಲು ಯಾವಾಗ ಬೆಳ್ಳಗಾಯಿತೋ ನನಗೇ ಗೊತ್ತಾಗಲಿಲ್ಲ. ಹಿಟ್ಟೇ ಇರಬೇಕು ಅಂದುಕೊಂಡಿದ್ದೆ.

ನನಗೆ ಇರುವವಳು ಒಬ್ಬಳೇ ಮಗಳು, ರೇಖಾ. ಅವಳನ್ನು ಕೊಟ್ಟದ್ದು ಕಾಳಿಯ ಕೆಳದಂಡೆಯ ಒಂದು ಊರಿಗೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬೀಗರು ಅದಕ್ಕೊಂದು ಮಾತು ಆಡಿಯಾರು. ಚಲೋ ಮನೆ, ಅಡ್ಡಿಯಿಲ್ಲ. ಅಳಿಯ ಬಂಗಾರದಂಥವನು. ಆದರೆ ಬೀಗತಿ, ಅಂದರೆ ರೇಖಾಳ ಅತ್ತೆ, ಇದ್ದಾರಲ್ಲ, ಅವರ ಬಾಯಿಂದ ಹೊಗಳಿಕೆ ಬಂದದ್ದನ್ನು ಕೇಳಿದವರು ಇನ್ನೂ ಹುಟ್ಟಿಲ್ಲ.

ರೇಖಾ ಬಾಣಂತನ ಮುಗಿಸಿಕೊಂಡು ಕೂಸಿನ ಜೊತೆ ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತು. ತೊಟ್ಟಿಲು ಕಟ್ಟಿದ್ದ ಕೊಂಡಿ ನೋಡಿದರೆ ಸಂಕಟ. ಕೆಲವು ವಾರ ತಡೆದೆ, ಆಮೇಲೆ ಆಗಲಿಲ್ಲ. ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಕಟಕ ರೊಟ್ಟಿ, ಅಂಟಿನ ಉಂಡಿ ಎಲ್ಲ ಬುತ್ತಿ ಕಟ್ಟಿಕೊಂಡು ಹೊರಟೆ. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಆಗಷ್ಟೇ ಹಿಡಿದಿತ್ತು. ಕೆಸರು ಕಾಲಲ್ಲಿ ಬೀಗರ ಮನೆ ಹೊಗುವುದು ಹೇಗೆ ಎಂದು ಮನೆಯ ಹಿಂದಿನ ನದಿ ಮೆಟ್ಟಿಲಿಗೆ ಇಳಿದೆ. ನೀರು ಕರ್ರಗೆ, ಮೇಲೆ ಎಣ್ಣೆಯ ಪೊರೆ. ಕೊನೆಯ ಮೆಟ್ಟಿಲಿಗೆ ಒಂದು ಬ್ರೆಡ್ಡಿನ ಚೀಲ ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ನಮ್ಮ ಓಣಿಯ ಬೇಕರಿಯದು!

ಹಿಂದಿನಿಂದ ಬೀಗತಿಯ ದನಿ ಬಂತು. "ಬರ್ರಿ ಬೀಗ್ತೇರ, ಬರ್ರಿ. ನೀವು ಬರೂದು ಗೊತ್ತಾಗಿತ್ತ ಬಿಡ್ರಿ. ನಿಮ್ಮ ಊರಿನ ಸಾಮಾನು ಮುಂಜಾನೆನ ಬಂದು ಮುಟ್ಟೇತಿ."

ನನ್ನ ಮುಖ ಸಣ್ಣದಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. "ಹೊಸ ಮಳಿ ಬಿದ್ದಾಗ ಹಿಂಗ ನೋಡ್ರಿ. ಈ ನೀರಿಲೆ ಕೂಸಿಗೆ ಎರಿಯಾಕ ಬರಂಗಿಲ್ಲ. ಮ್ಯಾಲಿನ ಝರಿ ತನಕ ಕೊಡ ಹೊತ್ಕೊಂಡು ಹೋಗ್ತಾಳ ನಿಮ್ಮ ಮಗಳು, ಪಾಪ."

ಆ 'ಪಾಪ' ನನಗೆ ಚುಚ್ಚಿತು. ಹಸಿ ಬಾಣಂತಿ, ಕೊಡ ಹೊತ್ತು ಗುಡ್ಡ ಏರುವುದು, ಅದೂ ನಮ್ಮ ಊರಿನ ಹೊಲಸಿನ ಸಲುವಾಗಿ! ಸಿಟ್ಟಿಗೆ ಬುದ್ಧಿ ಎಲ್ಲಿರುತ್ತದೆ ಹೇಳ್ರಿ. "ನಮ್ಮ ಊರಿನ ನೀರು ತಿಳಿ ಆಗಿ ಬರೂ ತನಕ ನಾ ನಿಮ್ಮ ಮೆಟ್ಟಲಾ ತುಳಿಯಂಗಿಲ್ಲ, ಇದ ನನ್ನ ಆಣಿ!" ಎಂದುಬಿಟ್ಟೆ. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ರೇಖಾ "ಅವ್ವಾ, ಹುಚ್ಚೀನ ನೀ?" ಅಂದಳು. ಬುತ್ತಿ ಕೊಟ್ಟು, ಕೂಸಿನ ಅಂಗಾಲಿಗೆ ಒಂದು ಮುತ್ತು ಕೊಟ್ಟು, ಅದೇ ಬಸ್ಸಿಗೆ ತಿರುಗಿ ಬಂದೆ. ಬಸ್ಸು ನಮ್ಮೂರು ಮುಟ್ಟುವ ಮೊದಲೇ ನನಗೆ ಪಶ್ಚಾತ್ತಾಪ ಆಗಿತ್ತು. ಆದರೆ ಬೀಗರ ಮುಂದೆ ಆಡಿದ ಮಾತು, ನುಂಗುವ ಹಾಗಿಲ್ಲ.

ರೇಖಾಳಾದರೂ ಪಂಚಮಿಗೆ ತವರಿಗೆ ಬರಬೇಕಲ್ಲ. ಅವಳಿಗೆ ಅಂಗನವಾಡಿಯ ಕೆಲಸ, ಮನೆಯಲ್ಲಿ ಎಮ್ಮೆ, ಅತ್ತೆಗೆ ಮೊಣಕಾಲು ನೋವು. ಜೋಕಾಲಿ ಕಟ್ಟಿ ಕಾದೆ, ಬರಲಿಲ್ಲ. ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. ಕಾಡಿನ ಸಿಗ್ನಲ್ ನಿಮಗೆ ಗೊತ್ತಲ್ಲ. ಕೂಸು ನಗಲು ಬಾಯಿ ತೆರೆಯುತ್ತಿತ್ತು, ಅಷ್ಟರಲ್ಲಿ ಚಿತ್ರ ನಿಂತುಬಿಡುತ್ತಿತ್ತು. ಪೂರ್ತಿ ನಕ್ಕದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಹೀಗಿರುವಾಗ ಒಂದು ದಿನ ಮುಂಡಗೋಡ ಕಡೆಯ ಒಬ್ಬ ಎಂಜಿನಿಯರ್ ಹುಡುಗಿ ಟೇಪು ಹಿಡಿದು ನನ್ನ ಗಿರಣಿಯ ಬಗಲಿಗೆ ಬಂದು ನಿಂತಳು. ಊರಿನ ಮಳೆನೀರನ್ನು ನದಿಗೆ ಬಿಡುವ ಮುಂಚೆ ಶುದ್ಧ ಮಾಡಲು ಸರಕಾರದಿಂದ ಅನುದಾನ ಮಂಜೂರಾಗಿದೆಯಂತೆ. ಬೇರೆ ನಾಲಾಗಳದ್ದೆಲ್ಲ ಪಕ್ಕಾ ಆಗಿದೆ, ನಿಮ್ಮ ಓಣಿಯದ್ದು ಮಾತ್ರ ಬಾಕಿ, ಜನರ ಒಪ್ಪಿಗೆ ಬೇಕು ಅಂದಳು. ನನಗೆ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಚಹಾ ಕುಡಿಸಿ ಕಳಿಸಿದೆ.

ಸಮುದಾಯ ಭವನದಲ್ಲಿ ಸಭೆ ಕೂಡಿತು. ಟೆಂಪೋ ಓಡಿಸುವ ಬಸಣ್ಣ ಮೊದಲು ಎದ್ದ. "ಮೇಡಮ್ಮಾರ, ಮಳಿ ನೀರು ಮ್ಯಾಲಿಂದ ಬರತೈತಿ, ಅದಕ್ಕಿಂತ ಶುದ್ಧ ಯಾವುದೈತ್ರಿ? ಅದನ್ನೂ ತೊಳೀಬೇಕಂದ್ರ ಯಾವ ನೀರಿಲೆ ತೊಳೀತೀರಿ?" ಸಭೆಯೆಲ್ಲ ಗೊಳ್ಳೆಂದಿತು. ಆ ಹುಡುಗಿ ಸಿಟ್ಟಾಗಲಿಲ್ಲ. ಮೇಲಿಂದ ಬರುವಾಗ ಶುದ್ಧವೇ, ಆದರೆ ನಮ್ಮ ಬೀದಿಗೆ ಬಿದ್ದ ಮೇಲೆ ಬೇಸಿಗೆಯೆಲ್ಲ ಕೂಡಿದ ಎಣ್ಣೆ, ಧೂಳು, ಪ್ಲಾಸ್ಟಿಕ್ ಬಳಿದುಕೊಂಡು ನದಿಗೆ ಹೋಗುತ್ತದೆ ಎಂದು ತಿಳಿಸಿ ಹೇಳಿದಳು. ಮೊದಲು ಕಸ ತಡೆಯಲು ಕಬ್ಬಿಣದ ಜಾಳಿಗೆ, ಆಮೇಲೆ ರಾಡಿ ತಳಕ್ಕೆ ಕೂಡಲು ಹೊಂಡ, ಕಡೆಗೆ ಕಲ್ಲು, ಉಸುಕು, ಜೊಂಡು ಹುಲ್ಲಿನ ನಡುವೆ ಹಾಯ್ದು ತಿಳಿಯಾದ ನೀರು ಕಾಳಿಗೆ. ನಮ್ಮ ಗಿರಣಿಯ ಭಾಷೆಯಲ್ಲಿ ಹೇಳಬೇಕೆಂದರೆ ಜರಡಿ ಹಿಡಿಯುವುದು. ನನಗೆ ತಟ್ಟನೆ ತಿಳಿಯಿತು.

"ಅದೆಲ್ಲಾ ಯಾಕ್ರಿ," ಅಂದ ಬಸಣ್ಣ. "ಹೆಂಗೂ ರೊಕ್ಕ ಬಂದೈತಿ, ಮ್ಯಾಲೆ ಸ್ಲ್ಯಾಬ್ ಹಾಕಿಬಿಡ್ರಿ. ವಾಸನಿನೂ ಹೋಗತೈತಿ, ನನ್ನ ಟೆಂಪೋಕ್ಕೂ ಜಾಗಾ ಆಗತೈತಿ." ಎಲ್ಲರೂ ಹೌದೌದು ಅಂದರು. ಸಭೆಯಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ ನಾನು. ಆದರೂ ಎದ್ದು ನಿಂತೆ.

"ಬಸಣ್ಣ, ಪಂಚಮಿಗೆ ಮಗಳ ಮನಿಗೆ ಏನು ಕಳಸ್ತಿ?"

"ಉಂಡಿ, ಚಕ್ಕಲಿ. ಒಂದು ಸೀರಿ."

"ಅದು ವರ್ಷಕ್ಕೊಮ್ಮಿ. ಈ ಹಳ್ಳದಾಗ ನಾವು ಮಳಿ ಬಂದಾಗೆಲ್ಲಾ ಕಳಸ್ತೇವಲ್ಲ, ಅದು ನನ್ನ ಮಗಳ ಮನಿ ಬಾಗಿಲಿಗೆ ಹೋಗಿ ಮುಟ್ಟತೈತಿ. ಮ್ಯಾಲೆ ಸ್ಲ್ಯಾಬ್ ಹಾಕಿದ್ರ ನಮಗ ಕಾಣಂಗಿಲ್ಲ, ಅಷ್ಟ. ಅವರಿಗೆ ಕಾಣೂದು ಕಾಣತೈತಿ. ತವರಮನಿಯಿಂದ ಹೊಲಸು ಬಂತು ಅನ್ನಿಸ್ಕೊಂಡು ಆ ಹುಡುಗಿ ಹೆಂಗ ಬಾಳ್ವೆ ಮಾಡಬೇಕೋ?"

ಅಷ್ಟು ಹೇಳಿ ಕೂತುಬಿಟ್ಟೆ. ಬಸಣ್ಣ ತಲೆ ಕೆರೆದುಕೊಂಡ. "ಅಕ್ಕಾ, ನನ್ನ ಮಗಳು ಹಳಿಯಾಳದಾಗ ಅದಾಳ. ಈ ನೀರು ಅಲ್ಲಿಗೆ ಹೋಗಂಗಿಲ್ಲ," ಅಂದ. ಆಮೇಲೆ, "ಆದ್ರ ರೇಖಾನ್ನ ನಾವೂ ಆಡಿಸಿ ಬೆಳಸೇವಿ. ಆಗಲಿ ತಗೋ, ಮೇಡಮ್ಮಾರು ಹೇಳಿದಂಗ ಮಾಡ್ಲಿ" ಅಂದ. ಹೆಂಗಸರು ಮೊದಲು ಕೈ ಎತ್ತಿದರು. ಗಂಡಸರು ಅವರ ಮುಖ ನೋಡಿ ಎತ್ತಿದರು.

ಒಪ್ಪಿಗೆ ಆಯಿತು, ಇನ್ನೇನು ಮುಂದಿನ ವಾರ ಹೊರಡಬಹುದು ಎಂದುಕೊಂಡೆ. ನನ್ನ ದಡ್ಡತನ! ಅನುದಾನವೂ ನಮ್ಮ ಕಡೆಯ ಮಳೆಯ ಹಾಗೆಯೇ. ಮೇಲೆ ಗುಡುಗಿದ್ದು ಎಲ್ಲರಿಗೂ ಕೇಳಿಸುತ್ತದೆ. ಕೆಳಗೆ ಹನಿ ಬೀಳಲು ಅದರದೇ ಹೊತ್ತು ಹಿಡಿಯುತ್ತದೆ. ಬೀಸಲು ಬಂದವರ ಹತ್ತಿರ ಗೋಧಿ ಜಾಸ್ತಿ ನುಣ್ಣಗೆ ಬೇಕೋ ತರಿ ಬೇಕೋ ಎಂದು ಕೇಳುವ ಬದಲು "ಕಂತು ಬಂತೇನ್ರಿ?" ಎಂದು ಕೇಳತೊಡಗಿದೆ. ಕೂಸು ಕವುಚಿಕೊಂಡದ್ದು ಅಂದಾಜು ಪಟ್ಟಿಯ ಹೊತ್ತಿಗೆ. ಕೂತದ್ದು ಟೆಂಡರ್ ಆದಾಗ. ಜಾಳಿಗೆ ಕೂಡಿಸುವಾಗ ಕೂಸಿಗೆ ಹಲ್ಲು ಬಂತು. ಮುಂದಿನ ಕಂತು ಬರುವುದು ತಡವಾಯಿತು. ಕೂಸು ತಡ ಮಾಡಲಿಲ್ಲ, ಗೋಡೆ ಹಿಡಿದು ಎದ್ದು ನಿಂತಿತು. ವರ್ಷದ ಹುಟ್ಟುಹಬ್ಬಕ್ಕೆ ನಾನೇ ಹೊಲಿದ ಅಂಗಿಯನ್ನು ಕಂಡಕ್ಟರ್ ಕೈಯಲ್ಲಿ ಕಳಿಸಿ ಗಿರಣಿಗೆ ಬಂದು ಕೂತೆ. ಹಿಟ್ಟು ಕೂತ ಗಲ್ಲದ ಮೇಲೆ ಕಣ್ಣೀರು ಇಳಿದರೆ ಏನಾಗುತ್ತದೆ ಗೊತ್ತೇನ್ರಿ? ಕಣಕ ಆಗುತ್ತದೆ. ಮುಖ ತೊಳೆಯಲು ಬಹಳ ಹೊತ್ತು ಬೇಕಾಯಿತು.

ಅಂತೂ ಬೇಸಿಗೆ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಿತು. ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಹಳ್ಳದ ಬದಿಗೆ ನಿಂತೆ. ಬಸಣ್ಣನೂ ಬಂದ. ಜಾಳಿಗೆಯ ತುಂಬ ಬಾಟಲಿ, ಚೀಲ, ಒಂದು ಒಂಟಿ ಚಪ್ಪಲಿ. ಹೊಂಡದಲ್ಲಿ ರಾಡಿ ತಿರುಗಿ ತಿರುಗಿ ತಳಕ್ಕೆ ಕೂತಿತು. ಜೊಂಡು ದಾಟಿ ಆಚೆ ಬಂದ ನೀರನ್ನು ಬಸಣ್ಣ ಬೊಗಸೆಯಲ್ಲಿ ಹಿಡಿದ. "ಅಕ್ಕಾ, ಕೈಯಾಗಿನ ಗೆರಿ ಕಾಣಾಕತ್ತಾವ!" ಅಂದ.

ಫೋನ್ ಬಂದದ್ದು ಮರುದಿನ ಸಂಜೆ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಕಿವಿಗೆ ಒತ್ತಿ ಹಿಡಿದುಕೊಂಡೆ.

"ಅವ್ವಾ, ಅತ್ತಿಯವರು ಕೇಳಾಕತ್ತಾರ. ಈ ವರ್ಷ ನಿಮ್ಮ ಊರಾಗ ಮಳಿ ಆಗಿಲ್ಲೇನು ಅಂತ."

ಆಹಾ! ಇಂಥ ಹೊಗಳಿಕೆ ಬಿಟ್ಟು ಜನ ಸನ್ಮಾನ, ಶಾಲು, ಹಾರ ಏನೇನೋ ಬಯಸುತ್ತಾರೆ. "ಭಾಳ ಆಗೇತಿ ಅಂತ ಹೇಳವ್ವಾ!" ಎಂದು ಕೂಗಿದೆ. "ನೀರು ತಿಳಿ ಬಂದೈತೇನ?"

"ಬಂದೈತಿ. ಬರೇ ನೀರು ಬಂದೈತಿ, ನೀ ಬಂದಿಲ್ಲ." ಅವಳ ದನಿ ಬದಲಾಗಿತ್ತು. "ನಿನ್ನ ಆಣಿ ಯಾರು ಕೇಳಿದ್ರು ಅವ್ವಾ? ಅತ್ತಿಯವರು ಅವತ್ತ ಸಂಜಿಕೇನ ನೊಂದ್ಕೊಂಡ್ರು. ಹೇಳಾಕ ಅವರಿಗೂ ಬಿಗುಮಾನ. ನೀ ಫೋನ್ ಇಟ್ಟ ಮ್ಯಾಲೆ ಕೂಸು ದಿನಾ ಏನು ಮಾಡತೈತಿ ಗೊತ್ತೇನು? ಫೋನ್ ಹೊಳ್ಳಿಸಿ ಹಿಂದ ನೋಡತೈತಿ, ಅಜ್ಜಿ ಎಲ್ಲಿ ಹೋದ್ಲು ಅಂತ."

ಮರುದಿನ ಗಿರಣಿಗೆ ಬೀಗ ಹಾಕಿ, ಬೀಸಲು ಬಂದವರಿಗೆ ಅಕ್ಕ ಮಗಳ ಮನೆಗೆ ಹೋಗಿದ್ದಾಳೆ ಎಂದು ತಿಳಿಸಲು ಬಸಣ್ಣನಿಗೆ ಹೇಳಿ, ಮೊದಲನೇ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ನೋಡಿ ಒಂದು ಪುಕ್ಕಟೆ ಟಿಕೇಟು ಹರಿದು ಕೈಗಿಟ್ಟ. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಆಗಿ ವರ್ಷಗಳೇ ಆದವಲ್ಲ. ಅಂದರೆ ನೋಡ್ರಿ, ಮೊಮ್ಮಗಳ ಹತ್ತಿರ ಹೋಗುವ ಅನುದಾನ ಸರಕಾರದಿಂದ ಎಂದೋ ಮಂಜೂರಾಗಿತ್ತು. ಬಳಸದೆ ಕೂತವಳು ನಾನು.