ಪೀಪಿ ಬೂಟಿನ ವಿಚಾರಣೆ

ಮಾವ ಹೊಲಿಯುತ್ತಿದ್ದದ್ದು ಅಂಬೆಗಾಲು ಬಿಟ್ಟು ಎದ್ದು ನಿಲ್ಲುವ ಕೂಸುಗಳ ಬೂಟು. ಹಿಮ್ಮಡಿಯೊಳಗೆ ಗುಂಡಿಯಷ್ಟು ಚಿಕ್ಕದೊಂದು ಪೀಪಿ. ಕೂಸು ಕಾಲೂರಿದಾಗಲೆಲ್ಲ ಪೀ ಅನ್ನುತ್ತಿತ್ತು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯಡಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಅಂಗೈಯಗಲದ ಮರದ ಅಚ್ಚುಗಳು, ಮನೆಮಂದಿಯ ಬಟ್ಟೆಗೆಲ್ಲ ಅಂಟಿನ ವಾಸನೆ. ಜೋಡಿ ಮುಗಿದ ಕೂಡಲೇ ಮಾವ ಅದನ್ನು ಎರಡು ಬೆರಳಿಗೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಠೀವಿಯಿಂದ ನಡೆಸಿ ನೋಡುತ್ತಿದ್ದರು. ಆ ಸದ್ದು ಕೇಳಿ ಅತ್ತೆ ಒಳಗಿಂದಲೇ, ಯಾರ ಮನೆ ಮಗು ಬಂತು ಎಂದು ದಿನವೂ ಕೇಳುತ್ತಿದ್ದರು.

ಸೊಸೆ ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಸೇರಿ ಕಾನೂನು ಓದುತ್ತಿದ್ದಳು. ಕೊಲೆ, ಕಳವು, ಆಸ್ತಿ ಜಗಳ ಎಲ್ಲ ಸಲೀಸು. ಅಂತರರಾಷ್ಟ್ರೀಯ ವ್ಯಾಪಾರದ ಕಾನೂನು ಮಾತ್ರ ಕಬ್ಬಿಣದ ಕಡಲೆ. ದೇಶ ದೇಶಗಳ ನಡುವಿನ ಒಪ್ಪಂದ ಅಂದರೆ ಸೂಟು ತೊಟ್ಟವರು ಕೈಕುಲುಕುವ ಫೋಟೋ ಅಷ್ಟೇ, ಅದಕ್ಕೂ ನಮ್ಮ ಮನೆಯ ಒಲೆಗೂ ಏನು ಸಂಬಂಧ ಅಂದುಕೊಂಡು, ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಹಾಯಾಗಿ ನಿದ್ದೆ ಹೋಗುತ್ತಿದ್ದಳು.

ಹೀಗಿರುವಾಗ ಗಡಿಯಾಚೆಯ ವರ್ತಕನ ಫೋನು ಬಂತು. ಮಾವನ ಬೂಟನ್ನು ಅಲ್ಲಿ ಮಾರುತ್ತಿದ್ದವನು ಅವನೇ. ಆಟಿಕೆಗೆ ಅವರ ದೇಶದಲ್ಲಿ ಸುಂಕ ಇಲ್ಲವೆನ್ನುವಷ್ಟು ಕಡಿಮೆ, ಬೂಟಿಗೆ ಕಣ್ಣು ಕತ್ತಲೆ ಬರುವಷ್ಟು ಹೆಚ್ಚು. ಹಾಗಾಗಿ ಆತ ಸರಕನ್ನು ಆಟಿಕೆ ಎಂದೇ ತೋರಿಸಿದ್ದ. ಸುಂಕದ ಕಚೇರಿ ಒಪ್ಪದೆ, ಇದು ಬೂಟೇ ಎಂದು ಮೂಟೆಗಳನ್ನು ತಡೆದಿತ್ತು. ಸರಕು ತಯಾರಿಸಿದವರೇ ವಿಚಾರಣೆಗೆ ಬಂದು ಇದು ಆಟಿಕೆ ಎಂದು ಹೇಳಿಬಿಟ್ಟರೆ ಕೆಲಸ ಹೂವೆತ್ತಿದಷ್ಟು ಸುಲಭ ಎಂದ.

ಮಾವ ಫೋನಿಟ್ಟು ಕೆಲಸಕ್ಕೆ ಕೂತರು. ಅಂದು ಪೂರ್ತಿ ಸುತ್ತಿಗೆಯ ಏಟು ಮಾತ್ರ ಎಂದಿಗಿಂತ ಜೋರಾಗಿ ಬೀಳುತ್ತಿತ್ತು.

ಇತ್ತ ಸೊಸೆ ಪುಸ್ತಕ ತೆರೆದಳು, ಈ ಸಲ ನಿದ್ದೆ ಬರಲಿಲ್ಲ. ಲೋಕದಲ್ಲಿ ಗಡಿ ದಾಟುವ ಪ್ರತಿ ವಸ್ತುವಿಗೂ, ಕೊಡೆಯಿಂದ ಹಿಡಿದು ಕಟ್ಟುಹಲ್ಲಿನವರೆಗೆ, ದೇಶಗಳೆಲ್ಲ ಕೂಡಿ ಸುಂಕದ ಪಟ್ಟಿಯಲ್ಲಿ ಒಂದೊಂದು ಮನೆ ಗೊತ್ತುಮಾಡಿವೆಯಂತೆ. ಒಂದೇ ವಸ್ತು ಎರಡು ಮನೆಗೆ ಸೇರುವಂತಿದ್ದರೆ ಅದರ ಜೀವಾಳ ಯಾವುದೆಂದು ನೋಡಬೇಕಂತೆ. ಅವಳಿಗೆ ಹುಚ್ಚೇ ಹಿಡಿಯಿತು. ಊಟಕ್ಕೆ ಕೂತರೆ, ಹಿಡಿಕೆಯಲ್ಲಿ ಬ್ಯಾಟರಿ ದೀಪ ಇರುವ ಅತ್ತೆಯ ಕೊಡೆ, ಕೊಡೆಯೋ ದೀಪವೋ ಎಂಬ ಚರ್ಚೆ. ಅತ್ತೆಗೂ ಅಂಟು ಹತ್ತಿತು. ಸೋಫಾದ ಮೇಲೆ ಒರಗಿದ್ದ ಮಗನನ್ನು ತೋರಿಸಿ, ಇವನು ಯಾವ ಮನೆಗೆ ಸೇರುತ್ತಾನೆ ಎಂದು ಕೇಳಿದರು. ಸೊಸೆ ತಡಮಾಡದೆ ಪೀಠೋಪಕರಣ ಅಂದಳು. ಅತ್ತೆ ಸೊಸೆ ಇಬ್ಬರೂ ತಟ್ಟೆ ಪಕ್ಕಕ್ಕಿಟ್ಟು ನಕ್ಕರು.

ವಿಚಾರಣೆಗೆ ಮಾವ, ಸೊಸೆ ಗಡಿ ದಾಟಿ ಹೋದರು. ಉದ್ದನೆಯ ಕೋಣೆ, ತಿರುಗಿದಾಗಲೆಲ್ಲ ಟಕಟಕ ಅನ್ನುವ ಫ್ಯಾನು. ಅಧಿಕಾರಿ ಬಿಗಿದ ಮುಖದ ಹೆಂಗಸು. ಎದುರಿಗೆ ಮೇಜಿನ ಮೇಲೆ ಸಾಕ್ಷಿಯಾಗಿ ಕೆಂಪು ಬಣ್ಣದ ಪುಟ್ಟ ಬೂಟು. ಆಕೆ ಅದನ್ನು ಎತ್ತಿದರೆ ಪೀ, ಇಟ್ಟರೆ ಪೀ. ಟೈಪು ಮಾಡುತ್ತಿದ್ದವನು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದ.

ವರ್ತಕ ತನ್ನ ವಾದ ಮುಗಿಸಿ ಸೊಸೆಯನ್ನು ಮುಂದೆ ಮಾಡಿದ. ಅವಳೂ ಚೆನ್ನಾಗಿಯೇ ಮಾತಾಡಿದಳು. ಕೂಸಿಗೆ ಎಲ್ಲಿಗೂ ಹೋಗುವ ಅವಸರವಿಲ್ಲ, ಅದು ಹೆಜ್ಜೆಯಿಡುವುದೇ ಸದ್ದು ಕೇಳಲಿಕ್ಕೆ, ಆದ್ದರಿಂದ ಇದರ ಜೀವಾಳ ಆಟವೇ ಎಂದಳು. ಅಧಿಕಾರಿ ತಲೆಯಾಡಿಸಿದರು. ವರ್ತಕನ ಮುಖ ಅರಳಿತು. ಆಮೇಲೆ ಆಕೆ ಮಾವನತ್ತ ತಿರುಗಿದರು.

"ಯಜಮಾನ್ರೇ, ಮಾಡಿದವರು ನೀವು. ಇದೇನು, ಹೇಳಿ."

ಮಾವ ಎದ್ದುನಿಂತು ಅಂಗಿ ಸರಿಮಾಡಿಕೊಂಡರು. "ಬೂಟು, ತಾಯಿ."

ವರ್ತಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸೊಸೆ ಮಾವನ ಅಂಗಿ ಜಗ್ಗಿದಳು. ಆದರೆ ಮಾವನ ಬಾಯಿಗೆ ಇನ್ನು ಬೀಗವಿರಲಿಲ್ಲ. ತೊಗಲು ಹದ ಮಾಡುವುದು ತಮ್ಮ ಬೀದಿಯಲ್ಲೇ, ಕತ್ತರಿಸುವುದು ತಮ್ಮ ಕೋಣೆಯಲ್ಲೇ, ಅಟ್ಟೆ ಹೊಲಿಯುವುದು ಈ ಕೈಯಿಂದಲೇ, ಗೊಂಬೆ ಮಾಡುವವರು ಬೇರೆ ಜನ, ಅವರ ಬಗ್ಗೆ ತಮಗೆ ಗೌರವವಿದೆ ಎಂದು ಹೇಳುತ್ತಾ ಹೋದರು. ಮಾತಿನ ಭರದಲ್ಲಿ ಅಟ್ಟೆ ತೋರಿಸಲು ಬೂಟನ್ನು ಒತ್ತಿದರು. ಪೀ ಎಂದಿತು. ಟೈಪು ಮಾಡುವವನಿಗೆ ಇನ್ನು ತಡೆಯಲಾಗಲಿಲ್ಲ. ಅವನು ನಗಲು ಶುರು ಮಾಡಿದ್ದೇ, ಬಾಗಿಲ ಬಳಿಯ ಕಾವಲುಗಾರ, ವರ್ತಕ ಎಲ್ಲರೂ ನಕ್ಕರು, ಕೊನೆಗೆ ಅಧಿಕಾರಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆ ನಗೆಯ ನಡುವೆ ಸೊಸೆಯ ತಲೆಯಲ್ಲಿ ಫಕ್ಕನೆ ಬೆಳಕಾಯಿತು. ಎಲ್ಲ ತಮ್ಮ ಬೀದಿಯಲ್ಲೇ, ತಮ್ಮ ಕೋಣೆಯಲ್ಲೇ. ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ ಆಟಿಕೆಯ ಸುದ್ದಿಯೇ ಇಲ್ಲ. ಬೂಟಿನ ಸುದ್ದಿ ಇದೆ. ತಮ್ಮ ದೇಶದಲ್ಲೇ ತಯಾರಾದ ಬೂಟಿಗೆ ಈ ದೇಶದಲ್ಲಿ ಸುಂಕವೇ ಇಲ್ಲ. ಎಲ್ಲರೂ ಆಟಿಕೆಗೇ ಜೋತುಬಿದ್ದಿದ್ದರಿಂದ ಅತ್ತ ಯಾರೂ ಕಣ್ಣು ಹಾಯಿಸಿರಲಿಲ್ಲ. ಅವಳು ಎದ್ದಳು. ನಗೆಗೆ ಬಿಕ್ಕಳಿಕೆಯೂ ಸೇರಿ ಮಾತು ತುಂಡುತುಂಡಾಗಿ ಬಂತು. ಆದರೂ ಅಧಿಕಾರಿಗೆ ಅರ್ಥವಾಯಿತು.

ಆಕೆ ಕನ್ನಡಕ ಏರಿಸಿಕೊಂಡು, ಪೀಪಿ ಎಲ್ಲಿಯದು ಎಂದರು.

"ಅದು ನಮ್ಮದಲ್ಲ. ಮೂರನೇ ದೇಶದ್ದು, ಮೂಟೆ ಲೆಕ್ಕದಲ್ಲಿ ಬರುತ್ತೆ," ಅಂದರು ಮಾವ.

ವರ್ತಕನ ಜೀವ ಬಾಯಿಗೆ ಬಂತು. ಸೊಸೆಗೆ ಮಾತ್ರ ಕಾಲು ನೆಲದ ಮೇಲಿರಲಿಲ್ಲ. ಬೆಲೆಯ ಹತ್ತನೇ ಒಂದು ಪಾಲು ಹೊರಗಿನದಿದ್ದರೂ ಒಪ್ಪಂದ ಅಡ್ಡಿ ಮಾಡುವುದಿಲ್ಲ, ಪೀಪಿಯ ಬೆಲೆ ಬೂಟಿನ ದಾರದ ಬೆಲೆಗೂ ಸಮ ಬರುವುದಿಲ್ಲ ಎಂದಳು. ಅಧಿಕಾರಿ ಒಪ್ಪಂದ ತರಿಸಿ ತಾವೇ ಓದಿದರು. ತಯಾರಿಯ ಪ್ರಮಾಣಪತ್ರ ಕೊಟ್ಟರೆ ಮೂಟೆ ಬಿಡಬಹುದು ಎಂದು ಹೇಳಿ, ವರ್ತಕನ ಕಡೆ ನೋಡಿ, ಹಾಗಾದರೆ ಇದು ಬೂಟೇ ತಾನೇ ಎಂದು ಕೇಳಿದರು.

"ಹುಟ್ಟಿದಾಗಿಂದ ಬೂಟೇ ಮೇಡಂ," ಅಂದ ವರ್ತಕ.

ಹೊರಗೆ ಬಂದಾಗ ಬೀದಿಯೇ ತೇಲುತ್ತಿರುವಂತೆ ಕಂಡಿತು. ಮಾವ ಅಂಗಡಿಯೊಂದಕ್ಕೆ ನುಗ್ಗಿ ಅತ್ತೆಗೆ ಗರಿ ಸಿಕ್ಕಿಸಿದ ಟೋಪಿ ಕೊಂಡರು. ಅತ್ತೆ ಜನ್ಮದಲ್ಲಿ ಟೋಪಿ ಹಾಕಿದವರಲ್ಲ ಎಂದು ಸೊಸೆ ನೆನಪಿಸಿದರೂ ಕೇಳಲಿಲ್ಲ.

ಸಂಜೆ ಗಡಿಯಲ್ಲಿ ಕಾವಲಿನವನು ವಾಡಿಕೆಯಂತೆ, ಏನಾದರೂ ತಂದಿದ್ದೀರಾ ಎಂದು ಕೇಳಿ ಹೋಗಲು ಕೈಬೀಸಿದ. ಮಾವ ಹೋಗಲಿಲ್ಲ. ಟೋಪಿ ಮುಂದಿಟ್ಟು, ಬಟ್ಟೆ ಆ ದೇಶದ್ದು, ಆದರೆ ಗರಿ ಯಾವ ದೇಶದ ಹಕ್ಕಿಯದೋ ಗೊತ್ತಿಲ್ಲ, ಅದು ಹತ್ತನೇ ಪಾಲಿಗಿಂತ ಹೆಚ್ಚಾಗುತ್ತಾ ನೋಡಿ ಹೇಳಿ ಎಂದು ಪಟ್ಟುಹಿಡಿದರು. ಹಿಂದೆ ಸಾಲು ಬೆಳೆಯಿತು. ಕಾವಲಿನವನು ಟೋಪಿಯನ್ನು ಹಿಂದೆ ಮುಂದೆ ತಿರುಗಿಸಿ, ಸಹಾಯಕ್ಕೆಂಬಂತೆ ಸೊಸೆಯ ಮುಖ ನೋಡಿದ. ಅವಳು ಕಂಬ ಹಿಡಿದು ಕೂತಿದ್ದಳು, ನಕ್ಕೂ ನಕ್ಕೂ ಏಳಲಾಗದೆ.