ರಸಬಾಳೆಗೆ ಒಗ್ಗಿದ ಗಾಡಿ

ಚಿಕ್ಕಬಸಪ್ಪ ಸೈಕಲ್ಲಿಗೆ ಗಾಳಿ ಹೊಡೆಸುವಾಗಲೆಲ್ಲ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮಿಕ್ಕವರೆಲ್ಲ ಇನ್ನೊಂದೆರಡು ಪಂಪು ಹೊಡಿ ಎಂದರೆ ಇವನು, "ಸಾಕು ಬುಡು ಮಾದೇವಣ್ಣ, ಕಲ್ಲಾಗ್ಬುಟ್ರೆ ಹಣ್ಣು ಕುಕ್ತದೆ" ಎಂದು ನನ್ನ ಕೈ ಹಿಡಿಯುತ್ತಿದ್ದ. ಗಾಳಿ ಕಡಿಮೆಯಾದರೆ ತುಳಿಯುವುದು ಕಷ್ಟ. ಕಷ್ಟ ತನಗಿರಲಿ, ಹಿಂದಿನ ಬಿದಿರು ಮಂಕರಿಯೊಳಗಿರುವ ರಸಬಾಳೆಗೆ ನೋವಾಗಬಾರದು. ಅಂಥ ಮನುಷ್ಯ.

ನಂಜನಗೂಡಿನಿಂದ ಹುಲ್ಲಹಳ್ಳಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೈಕಲ್ ಶಾಪು. ಶಾಲೆಯ ಹೊಸಿಲು ತುಳಿದವನಲ್ಲ ನಾನು. ಓದು ಕಲಿತದ್ದು ಕಡಲೆಕಾಯಿ ಕಟ್ಟಿಕೊಟ್ಟ ಪೇಪರಿನ ಚೂರಿನಲ್ಲಿ. ಇಂಜಿನ್ನು ಕಲಿತದ್ದು ಬಿಚ್ಚಿ, ಬೈಸಿಕೊಂಡು, ಮತ್ತೆ ಜೋಡಿಸಿ. ಈ ಕೈಯ ಮೇಲೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ಗಾಡಿಯೆಂದರೆ ಬರೀ ಚಕ್ರ, ಚೈನು, ಇಂಜಿನ್ನಲ್ಲ ಎಂದು ನನಗೆ ತೋರಿಸಿಕೊಟ್ಟದ್ದು ಚಿಕ್ಕಬಸಪ್ಪನ ಮನೆ. ಆ ಋಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ರಸಬಾಳೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು. ಬೇರೆ ಬಾಳೆ ಮಾಗಿದ ಮೇಲೂ ಚಿಪ್ಪನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ರಸಬಾಳೆ ಹಾಗಲ್ಲ. ಹದವಾಗಿ ಮಾಗಿತೆಂದರೆ ಒಂದು ಕುಲುಕಿಗೆ ತೊಟ್ಟು ಕಳಚಿ ಉದುರುತ್ತದೆ. ಉದುರಿದ ಹಣ್ಣಿನ ಕತ್ತು ಸಿಗಿದು, ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ. ರುಚಿಗೇನೂ ಕಮ್ಮಿಯಿಲ್ಲ, ಆದರೆ ದೇವರ ಮುಂದೆ ಇಡುವಂತಿಲ್ಲ, ಬಂದವರಿಗೆ ಕೊಡುವಂತಿಲ್ಲ. ಸೊರಗು ರೋಗ ಬಂದು ಸುತ್ತಿನವರೆಲ್ಲ ಒಬ್ಬೊಬ್ಬರಾಗಿ ರಸಬಾಳೆ ಬಿಟ್ಟರು. ಚಿಕ್ಕಬಸಪ್ಪನ ತುಂಡು ತೋಟ ಮಾತ್ರ ಅದು ಹೇಗೋ ಉಳಿದುಕೊಂಡಿತ್ತು. ಕಪಿಲೆಯ ಮಣ್ಣು ಕೈ ಬಿಡಲಿಲ್ಲ ಎನ್ನುತ್ತಿದ್ದ. ಗೊನೆ ಕಡಿದಾಗ ಮೊದಲ ಚಿಪ್ಪು ನಂಜುಂಡೇಶ್ವರನಿಗೆ, ಎರಡನೆಯದು ನನ್ನ ಶಾಪಿಗೆ. ಪಂಕ್ಚರ್ ಹಾಕುವವನಿಗೆ ದೇವರ ಮಗ್ಗುಲಲ್ಲೇ ಜಾಗ ಕೊಟ್ಟ ಪುಣ್ಯಾತ್ಮ.

ಅವನ ಖಾಯಂ ಗಿರಾಕಿಗಳು ಇದ್ದದ್ದು ಟಿ. ನರಸೀಪುರದಲ್ಲಿ. ಅಲ್ಲಿಯ ಜನ ಮಾಗಿದ ಹಣ್ಣನ್ನೇ ಕೇಳುತ್ತಿದ್ದರು. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಹೋಗಿ ಮನೆಮನೆಗೆ ಕೊಟ್ಟು ಬರುತ್ತಿದ್ದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನ ಮಂಡಿಗೆ ನೋವು ಬಂದು ಸೈಕಲ್ ತುಳಿಯಲಾಗಲಿಲ್ಲ. ಬಸ್ಸು ಹಿಡಿದ. ಬಸ್ಸಿನವರು ಮಂಕರಿಯನ್ನು ಟಾಪಿಗೆಸೆದು, ಇಳಿಸುವಾಗ ಮತ್ತೆ ಎಸೆದರು. ಪ್ರತಿ ವಾರ ಹಣ್ಣು ಕೊಳ್ಳುತ್ತಿದ್ದ ಜಲಜಮ್ಮನವರು ಒಂದು ದಿನ ಮಂಕರಿಯೊಳಗೆ ನೋಡಿ, "ಏನಪ್ಪಾ ಚಿಕ್ಕಬಸಪ್ಪ, ಹಣ್ಣು ಹಿಚುಕಿ ಸೀಕರಣೆ ಮಾಡೋ ಕೆಲಸ ನನಗೆ ಬಿಡಬಾರದೇ? ದಾರೀಲೇ ಮುಗಿಸಿಕೊಂಡು ಬಂದಿದ್ದೀಯಲ್ಲ!" ಎಂದರಂತೆ. ನಕ್ಕುಕೊಂಡೇ ಅಂದದ್ದು. ಇವನಿಗೆ ಅದು ಎದೆಗೆ ಚುಚ್ಚಿತು.

ತಮ್ಮ ಚಿಕ್ಕಸ್ವಾಮಿ ಕಾಯುತ್ತಿದ್ದದ್ದೇ ಇದನ್ನು. ಅವನಿಗೆ ಬಾಳೆ ತೆಗೆದು ಕಬ್ಬು ಹಾಕುವ ಆಸೆ. "ಅಣ್ಣ, ಕಬ್ಬು ಎತ್ತಾಕುದ್ರೂ ಕಬ್ಬೇ, ತುಳುದ್ರೂ ಕಬ್ಬೇ. ನೀನು ಕೂಸು ಸಾಕ್ದಂಗೆ ಸಾಕಿ, ಬಸ್ಸಿನೋರ ಕೈಲಿ ಸಾಯುಸ್ತಿದ್ದೀಯೆ."

ಚಿಕ್ಕಬಸಪ್ಪ ಜಗಳವಾಡುವ ಆಸಾಮಿಯಲ್ಲ. "ಈ ಸಲ ಬಾಳೆಕಂದು ನೆಡೋ ಹೊತ್ತಿಗೆ ಹಣ್ಣನ್ನ ನರಸೀಪುರಕ್ಕೆ ನೆಟ್ಟಗೆ ಮುಟ್ಟಿಸ್ತೀನಿ. ಆಗ್ನಿಲ್ವಾ, ಕಬ್ಬು ಹಾಕು, ನಾ ತಡ್ಯಾಕಿಲ್ಲ" ಎಂದುಬಿಟ್ಟ. ಆಡಿದ ಮೇಲೆ ನನ್ನ ಶಾಪಿಗೆ ಬಂದು ಕೂತವನ ಮುಖ ನೋಡುವಂತಿರಲಿಲ್ಲ. ಅಪ್ಪ, ತಾತ ಬೆಳೆದ ಬಾಳೆ. ಅವನ ತೋಟದಲ್ಲಿ ಹೋಯಿತೆಂದರೆ ಊರಿನಿಂದಲೇ ಹೋದಂತೆ.

ಟ್ರ್ಯಾಕ್ಟರು ಬಂದ ಮೇಲೆ ಕೆಲಸವಿಲ್ಲದ ಎತ್ತುಗಳನ್ನು ಮಾರಿದ್ದರು. ಆ ದುಡ್ಡಿನಲ್ಲಿ ಒಂದು ಮೋಟಾರ್ ಸೈಕಲ್ ಕೊಳ್ಳುವುದೆಂದು ತೀರ್ಮಾನವಾಯಿತು. ಚಿಕ್ಕಬಸಪ್ಪನಿಗೆ ಓಡಿಸುವುದನ್ನು ನಾನೇ ಕಲಿಸಿದ್ದೆ. ಆದರೆ ಕೊಳ್ಳುವುದು ಒಂದೇ ಗಾಡಿ. ಯಾವುದು?

ಊರಿನಲ್ಲಿ ಆಗ ಎರಡು ಪಕ್ಷ. ಪ್ರೈಮರಿ ಶಾಲೆಯ ಮಲ್ಲಿಕಾರ್ಜುನ್ ಮೇಷ್ಟ್ರದು ಸ್ಪ್ಲೆಂಡರ್. ನಂಜನಗೂಡಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವ ಬೆಟ್ಟಸ್ವಾಮಿಯದು ಬಾಕ್ಸರ್. ಇಬ್ಬರೂ ನನ್ನ ಶಾಪಿನ ಮುಂದೆ ಹೆಣ್ಣು ತೋರಿಸುವವರಂತೆ ತಂತಮ್ಮ ಗಾಡಿಯನ್ನು ಹೊಗಳಿದರು.

"ಬಸಪ್ಪಣ್ಣ, ನನ್ನ ಗಾಡಿ ಸ್ಟಾರ್ಟಾಗಿದ್ಯೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು, ಅಷ್ಟು ನೈಸು" ಎಂದರು ಮೇಷ್ಟ್ರು.

"ಅದ್ಕೇ ನೀವು ಸ್ಕೂಲಿಗೆ ಬಂದ್ರೂ ಮಕ್ಕಳಿಗೆ ಗೊತ್ತಾಗಾಕಿಲ್ಲ ಸಾ" ಎಂದ ಬೆಟ್ಟಸ್ವಾಮಿ. "ನನ್ದು ನೋಡಣ್ಣ, ಸೀಟು ಜಗಲಿ ಇದ್ದಂಗದೆ. ಸಂಸಾರನೇ ಕೂರುಸ್ಬೋದು."

"ಸಂಸಾರ ಕೂರ್ಸೋಕೆ ಮೊದ್ಲು ಮದ್ವೆ ಆಗ್ಲಾ!" ಎಂದರು ಮೇಷ್ಟ್ರು.

ಚಿಕ್ಕಬಸಪ್ಪ ಎರಡರ ಸೀಟನ್ನೂ ಟೈರು ಒತ್ತುವಂತೆ ಹೆಬ್ಬೆರಳಿನಿಂದ ಒತ್ತಿದ. ಆಮೇಲೆ, "ನೀವಿಬ್ರೂ ನ್ಯಾಯ ಏಳ್ಬ್ಯಾಡಿ, ಹಣ್ಣೇ ಏಳ್ಲಿ" ಎಂದ. ಒಂದೇ ಗೊನೆಯ ಚಿಪ್ಪುಗಳನ್ನು ಒಂದೇ ಅಳತೆಯ ಎರಡು ಮಂಕರಿಗೆ ತುಂಬಿ, ಕೆಳಗೂ ಮೇಲೂ ಬಾಳೆಯ ಒಣ ತರಗು ಹಾಸಿ, ಒಂದೊಂದು ಗಾಡಿಗೆ ಒಂದೊಂದು. ಇಬ್ಬರೂ ಒಟ್ಟಿಗೆ ಹೊರಟು ಜಲಜಮ್ಮನವರ ಜಗಲಿಗೆ ಬರಬೇಕು. ತಾನು ಮೊದಲೇ ಬಸ್ಸಿನಲ್ಲಿ ಹೋಗಿ ಕಾದಿರುತ್ತಾನೆ. ನ್ಯಾಯ ಹೇಳಲು ನಾನು, ಎರಡು ಗಾಡಿಯೂ ಇಲ್ಲದವನು.

ಆ ಭಾನುವಾರ ನಾವಿಬ್ಬರೂ ಜಲಜಮ್ಮನವರ ಜಗಲಿಯಲ್ಲಿ ಕೂತಿದ್ದೆವು. ಅವರು ಕೊಟ್ಟ ಕಾಫಿಯನ್ನು ಚಿಕ್ಕಬಸಪ್ಪ ಮುಟ್ಟಲಿಲ್ಲ. ರಸ್ತೆಯಲ್ಲಿ ಗಾಡಿ ಸದ್ದಾದಾಗಲೆಲ್ಲ ಎದ್ದು ನಿಲ್ಲುವನು. ಮೊದಲು ಮೇಷ್ಟ್ರು ಬಂದರು. ಹಳೇ ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದ ಮಂಕರಿ ಬಿಚ್ಚಿ ತೆಗೆದರೆ ಚಿಪ್ಪುಗಳು ಬೋಳು, ಹಣ್ಣೆಲ್ಲ ಅಡಿಯಲ್ಲಿ. ಸುತ್ತೂರು ದಾರಿಯ ಗುಂಡಿಗಳು ಬಸ್ಸಿನವರು ಮಾಡಿದ್ದನ್ನೇ ಮಾಡಿದ್ದವು. ಮೇಷ್ಟ್ರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮೈ ಬೆವರಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬೆಟ್ಟಸ್ವಾಮಿ ಬಂದ. ಅವನ ಮಂಕರಿಯ ಮೇಲಿನ ತರಗು ಸರಿಸಿದರೆ ಹಣ್ಣು ಚಿಪ್ಪು ಬಿಟ್ಟಿಲ್ಲ! ತೋಟದಲ್ಲಿ ಜೋಡಿಸಿದ್ದು ಹಾಗೇ ಕೂತಿದೆ. ಜಲಜಮ್ಮನವರು ಒಂದು ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ, "ಅಯ್ಯೋ, ಹಿಂದಿನ ಹಾಗೇ ಇದೆಯಲ್ಲಪ್ಪಾ!" ಎಂದರು.

"ಏನೇಳಿದೆ ನಾನು? ಜಗಲಿ ಕಣಣ್ಣ ಜಗಲಿ! ಮಾದೇವಣ್ಣ, ನ್ಯಾಯ ಏಳು" ಎಂದು ಬೆಟ್ಟಸ್ವಾಮಿ ಮೀಸೆ ತೀಡಿದ. ಎರಡು ಗಾಡಿಯನ್ನೂ ಬಿಚ್ಚಿ ಕಂಡವನು ನಾನು. ಒಂದೇ ಗುಂಡಿಯಲ್ಲಿ ಒಂದು ಉದುರಿಸಿ ಇನ್ನೊಂದು ಉಳಿಸುವಷ್ಟು ವ್ಯತ್ಯಾಸ ಅವುಗಳಲ್ಲಿ ಇರಲಿಲ್ಲ. ಲೆಕ್ಕ ಹೊಂದುತ್ತಿಲ್ಲವಲ್ಲ ಎಂದು ಗಾಡಿಯ ಹಿಂದೆ ಬಗ್ಗಿ ನೋಡಿದೆ. ಮಂಕರಿ ಕಟ್ಟಬೇಕಿದ್ದ ಟ್ಯೂಬೇ ಇಲ್ಲ.

"ಟ್ಯೂಬ್ ಎಲ್ಲಲಾ?"

ಅವನು ತಲೆ ಕೆರೆಯುವಷ್ಟರಲ್ಲಿ ಬೀದಿಯ ತುದಿಯಿಂದ ಚಿಕ್ಕಬಸಪ್ಪನ ಹೆಂಡತಿ ಚನ್ನಾಜಮ್ಮ ನಡೆದು ಬಂದಳು. ಕೈತುಂಬ ಹೊಸ ಬಳೆ. ಚಿಕ್ಕಬಸಪ್ಪ ಬೆಕ್ಕಸಬೆರಗಾದ. ಆಕೆ ಮನೆ, ತೋಟ ಬಿಟ್ಟರೆ ನಂಜನಗೂಡು ಗುಡಿಯವರೆಗೆ ಹೋದವಳು, ಅಷ್ಟೇ.

"ನೀನೆಂಗ್ ಬಂದ್ಯಮ್ಮೀ?"

"ಇವನ ಗಾಡೀಲಿ. ಬಸ್ ಸ್ಟ್ಯಾಂಡತ್ರ ಬಳೆ ಅಂಗಡಿ ಕಾಣ್ತು, ಇಳ್ಸು, ಮಂಕರಿ ಮೆಲ್ಲಗೆ ತಗೊಂಡೋಗು ಅಂದೆ. ಮೇಷ್ಟ್ರು ಆಗ್ಲೇ ಮುಂದ್ಕೆ ಹೊಂಟೋಗಿದ್ರು, ಇವನು ಮಂಕರಿ ಕಟ್ಟೋದ ನೀವು ನೋಡ್ಬೇಕಿತ್ತು. ಕರುಗೆ ಮೂಗುದಾರ ಹಾಕ್ದಂಗೆ ಬಿಗೀತಿದ್ದ. ನನ್ನೊಟ್ಟೆ ಉರ್ದೋಯ್ತು. ಬಿಚ್ಚು ಅಂದ್ಬುಟ್ಟು, ಮಂಕರಿಯ ತೊಡೆ ಮ್ಯಾಲಿಟ್ಕೊಂಡು ಕೂತ್ಕೊಂಡೆ. ಗುಂಡಿ ಬಂದಾಗ ಹಿಂಗೆ ವಸಿ ಎತ್ಕೊಂಡೆ."

ಎರಡು ಕೈಯಲ್ಲಿ ಗಾಳಿಯನ್ನೇ ಮೆಲ್ಲಗೆ ಎತ್ತಿ ಇಳಿಸಿ ತೋರಿಸಿದಳು.

ಮೇಷ್ಟ್ರು ಎದ್ದುನಿಂತರು. "ಲೇ ಬೆಟ್ಟಸ್ವಾಮಿ! ಜಗಲಿಯಂತೆ ಜಗಲಿ! ಗೆದ್ದಿದ್ದು ನಮ್ಮಕ್ಕನ ತೊಡೆ ಕಣೋ!"

"ನನ್ನ ಯಾರ್ ಕೇಳುದ್ರು ಸಾ, ನಾನೇಳೋಕೆ?"

ಜಲಜಮ್ಮನವರು ನಗುತ್ತಾ ಚನ್ನಾಜಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಚಿಕ್ಕಬಸಪ್ಪ ನಗಲಿಲ್ಲ. ಜಗಲಿಯ ಮೇಲೆ ಕೂತು ಆ ಮಂಕರಿಯನ್ನೇ ನೋಡುತ್ತಿದ್ದ. ಆಮೇಲೆ ನನಗೊಬ್ಬನಿಗೇ ಕೇಳುವಂತೆ ಹೇಳಿದ: "ಮಾದೇವಣ್ಣ, ತೋಟದಿಂದ ಮನೆಗೆ ಎತ್ತಿನಗಾಡೀಲಿ ಬರೋವಾಗ ಒಂದು ದಿನಾನೂ ನನ್ನ ಹಣ್ಣು ಉದುರಿರ್ಲಿಲ್ಲ. ನಮ್ಮೆತ್ತು ಬಲು ಮೆತ್ತಗೆ ನಡೀತವೆ ಅಂತ ಊರಿಗೆಲ್ಲ ಏಳ್ಕೊಂಡು ತಿರುಗ್ದೆ. ಆವಾಗ್ಲೂ ಇವಳೇ ಮಡ್ಲಲ್ಲಿ ಇಟ್ಕೊಂಡು ಕೂರ್ತಿದ್ದದ್ದು ಕಣಣ್ಣ. ನಾನು ಮುಂದುಕ್ಕೆ ನೋಡ್ಕೊಂಡೇ ಗಾಡಿ ಹೊಡ್ದೆ."

ತಣ್ಣಗಾದ ಕಾಫಿ ಅವನ ಕೈಗೆ ಕೊಟ್ಟೆ. ಕುಡಿದ.

ಈಗ ಹಣ್ಣು ಉಳಿಯುವ ದಾರಿ ಸಿಕ್ಕಿತು. ಆದರೆ ಹಣ್ಣಿನ ಜೊತೆ ಚನ್ನಾಜಮ್ಮನೂ ವಾರವಾರ ಅಷ್ಟು ದೂರ ಕೂರಬೇಕಲ್ಲ. ಆದ್ದರಿಂದ ಗಾಡಿ ಆರಿಸಬೇಕಾದವಳು ಅವಳೇ ಎಂದು ಚಿಕ್ಕಬಸಪ್ಪ ಹೇಳಿದ. ಮೇಷ್ಟ್ರು ಪಟ್ಟು ಬಿಡಲಿಲ್ಲ. "ಹಾಗಾದ್ರೆ ಮುಂದಿನ ವಾರ ಅಕ್ಕ ನನ್ನ ಗಾಡೀಲಿ ಬರ್ಲಿ. ಆಮೇಲೆ ಹೇಳ್ಲಿ" ಎಂದರು.

ಮುಂದಿನ ವಾರ ಹಾಗೇ ಆಯಿತು. ಚನ್ನಾಜಮ್ಮ ಸ್ಪ್ಲೆಂಡರ್ ಮೇಲೆ ಮಂಕರಿ ಹಿಡಿದು ಕೂತು ಹೋದಳು. ಹಣ್ಣು ಒಂದೂ ಕೆಡದೆ ಮುಟ್ಟಿತು. ಮೇಷ್ಟ್ರು ಗೆದ್ದ ಗತ್ತಿನಲ್ಲಿ ವಾಪಸು ಬಂದು ನನ್ನ ಶಾಪಿನ ಮುಂದೆ ಗಾಡಿ ನಿಲ್ಲಿಸಿದರು. ಚಿಕ್ಕಬಸಪ್ಪ, ಬೆಟ್ಟಸ್ವಾಮಿ ಇಬ್ಬರೂ ಅಲ್ಲೇ ಕಾಯುತ್ತಿದ್ದರು.

"ಹೇಳಿ ಅಕ್ಕ, ಯಾವುದು ನೈಸು?"

"ನಿನ್ ಗಾಡೀನೇ ನೈಸು ಕಣಪ್ಪ, ಎರಡು ಮಾತಿಲ್ಲ. ತೊಟ್ಲು ತೂಗ್ದಂಗದೆ."

ಮೇಷ್ಟ್ರು ಬೆಟ್ಟಸ್ವಾಮಿಯ ಕಡೆ ತಿರುಗಿ ಕಾಲರ್ ಎತ್ತಿಕೊಂಡರು.

"ಅದ್ಕೇ ನನಗೆ ಬ್ಯಾಡ" ಎಂದಳು ಚನ್ನಾಜಮ್ಮ.

"ಯಾಕಕ್ಕಾ?"

"ಸುತ್ತೂರು ದಾಟ್ತಿದ್ದಂಗೆ ನನಗೆ ತೂಕಡಿಕೆ ಬಂತು. ನಿನ್ ಬೆನ್ನಿಗೆ ಎರಡು ಸಲ ಹಣೆ ಗುದ್ದಿದ್ದು ಯಾರು ಅನ್ಕೊಂಡೆ? ಮಂಕರಿ ಜಾರೋದ್ರಲ್ಲಿತ್ತು, ಶಿವ ಕಾಪಾಡ್ದ. ಹಣ್ಣು ಕಾಯೋಳಿಗೆ ನಿದ್ದೆ ಬರ್ಬಾರ್ದು. ಬೆಟ್ಟಸ್ವಾಮಿ ಗಾಡಿ ಆಗಿದ್ರೆ ಗಡಗಡ ಅಂತ ದಾರಿಯೆಲ್ಲ ನನ್ನತ್ರ ಮಾತಾಡ್ಕೊಂಡು ಓಯ್ತದೆ."

ನಾನು ನಗುವುದನ್ನು ತಡೆಯಲಾರದೆ ಸ್ಪ್ಯಾನರ್ ಕೆಳಗಿಟ್ಟೆ. ಬೆಟ್ಟಸ್ವಾಮಿ, ಹೊಗಳಿದರೋ ತೆಗಳಿದರೋ ತಿಳಿಯದೆ, ಬಾಯಿ ಬಿಟ್ಟುಕೊಂಡು ನಿಂತಿದ್ದ. ಅಷ್ಟು ವರ್ಷ ಮೈಲೇಜು, ಪಿಕಪ್ಪು, ಪಿಸ್ಟನ್ನು ಎಂದು ಮಾತಾಡಿದ ನಮಗೆ ಯಾರಿಗೂ ಗಾಡಿ ನೋಡುವ ಈ ಕಣ್ಣು ಇರಲಿಲ್ಲ. ಚಿಕ್ಕಬಸಪ್ಪ ಬಾಕ್ಸರನ್ನೇ ಕೊಂಡ. ಚನ್ನಾಜಮ್ಮ ಕುಳ್ಳಿ, ಕಾಲು ಎಟುಕದೆ ಮಂಕರಿ ಓರೆಯಾಗುತ್ತದೆಂದು ಅವಳ ಪಾದದ ಮಟ್ಟಕ್ಕೆ ಒಂದು ಕಾಲಿಡುವ ಕಂಬಿ ಬೆಸುಗೆ ಹಾಕಿಕೊಟ್ಟೆ. ಆ ಕಂಬಿಯಷ್ಟು ಸಂತೋಷದಿಂದ ನಾನು ಮಾಡಿದ ಕೆಲಸ ಇನ್ನೊಂದಿಲ್ಲ.

ಹೊಸ ಬಾಕ್ಸರಿಗೆ ನಂಜನಗೂಡು ಗುಡಿಯ ಮುಂದೆ ಪೂಜೆಯಾಯಿತು. ಚಕ್ರದಡಿ ನಿಂಬೆಹಣ್ಣು ಇಟ್ಟು, ಓಡಿಸುವವರು ಹತ್ತಿ ಎಂದರು ಪೂಜೆಯವರು. ಚಿಕ್ಕಬಸಪ್ಪ ಗಾಡಿಯನ್ನು ಗಟ್ಟಿಯಾಗಿ ಹಿಡಿದು ನಿಂತು, "ಮೊದ್ಲು ನೀನು ಕೂತ್ಕೊ" ಎಂದ ಹೆಂಡತಿಗೆ.

"ಥೂ, ಜನ ನೋಡ್ತವ್ರೆ. ಗಂಡಸು ಹತ್ತೋಕೆ ಮುಂಚೆ ನಾ ಕೂರಾದಾ?"

"ನೋಡ್ಲಿ ಬುಡು. ಇದುನ್ನ ತಗೊಂಡಿದ್ದು ನಿನ್ನ ನಂಬ್ಕೊಂಡು. ಕೂತ್ಕೊ ಅಂದ್ರೆ ಕೂತ್ಕೊ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿಯ ಮೇಲೆ ಪಾದ ಊರಿ ಕೂತಳು. ಆಮೇಲೆ ಅವನು ಹತ್ತಿದ. ಅಷ್ಟು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ಧನ್ಯವಾದ ಹೇಳಿದ್ದು ನಾನು ಕಂಡದ್ದು ಅದೊಂದೇ ಸಲ. ಬಾಯಲ್ಲಿ ಆ ಪದ ಮಾತ್ರ ಬರಲಿಲ್ಲ.

ಕಂದು ನೆಡುವ ಕಾಲ ಬಂತು. ತಮ್ಮ ಚಿಕ್ಕಸ್ವಾಮಿ ಗುದ್ದಲಿ ಹಿಡಿದು ತೋಟಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಬಾಳೆಬುಡ ಕೀಳಲು ಬಂದನೇನೋ ಎಂದುಕೊಂಡೆ. ಅವನು ಕಂದಿಗೆ ಗುಣಿ ತೆಗೆಯತೊಡಗಿದ. ಒಂದು ಸಾಲು ಮುಗಿಸಿ ಬೆನ್ನು ನೆಟ್ಟಗೆ ಮಾಡಿ, "ಅತ್ತಿಗೆ ಅಷ್ಟು ದೂರ ಹೊತ್ಕೊಂಡೋಯ್ತಾರೆ. ನನಗೆ ಗುಣಿ ತೋಡೋಕೇನು ಬ್ಯಾನೆ?" ಎಂದ. ಚಿಕ್ಕಬಸಪ್ಪ ಒಂದು ಕಂದನ್ನು ಎತ್ತಿ ತಮ್ಮನ ಕೈಗೇ ಕೊಟ್ಟು ನೆಡಿಸಿದ.

ಆಮೇಲೆ ವಾರವಾರವೂ ಆ ಗಾಡಿ ನನ್ನ ಶಾಪಿನ ಮುಂದೆ ಹೋಗುತ್ತಿತ್ತು. ಮುಂದೆ ಚಿಕ್ಕಬಸಪ್ಪ, ಹಿಂದೆ ಮಂಕರಿ ತಬ್ಬಿದ ಚನ್ನಾಜಮ್ಮ. ನರಸೀಪುರದಲ್ಲಿ ಯಾರ ಮನೆಯ ಸೊಸೆ ಬಸುರಿ, ಯಾರ ಮನೆಯಲ್ಲಿ ಹಬ್ಬ ಎಂಬುದೆಲ್ಲ ಈಗ ಗಂಡನಿಗಿಂತ ಅವಳಿಗೇ ಗೊತ್ತು. ಹೋಗುವಾಗ ಗಾಳಿ ನೋಡಿಸಲು ನಿಲ್ಲುತ್ತಿದ್ದರು. ನಾನು ಪಂಪು ಹಿಡಿದರೆ ಈಗ ಬಗ್ಗಿ ಟೈರು ಒತ್ತುವವಳು ಚನ್ನಾಜಮ್ಮ. "ಸಾಕು ಮಾದೇವಣ್ಣ" ಎಂದು ಹೇಳಿ, ಮಂಕರಿಯಿಂದ ನನ್ನ ಪಾಲಿನ ಚಿಪ್ಪನ್ನು ಎರಡು ಕೈಯಲ್ಲಿ ಎತ್ತಿ ನನ್ನ ಎಣ್ಣೆ ಕೈಗೆ ಕೊಡದೆ, ಬೆಂಚಿನ ಮೇಲೆ ಹಾಸಿದ ಪೇಪರಿನ ಮೇಲೆ ಮೆಲ್ಲಗೆ ಇಟ್ಟು ಹೋಗುತ್ತಿದ್ದಳು. ಅದರಲ್ಲಿ ಒಂದು ಹಣ್ಣೂ ತೊಟ್ಟು ಬಿಟ್ಟದ್ದನ್ನು ನಾನು ಕಾಣಲಿಲ್ಲ.