ಬಲ ಹೆಗಲ ಮೇಲೆ ಎರಡು ಸಲ

ಸತ್ತವರು ಬಂದು ಮುಟ್ಟಿದರು, ಮಾತಾಡಿಸಿದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ನಗುತ್ತಿರಲಿಲ್ಲ, ವಾದಿಸುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಬೈಲಹೊಂಗಲದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇತ್ತು. ಅದರ ಸದ್ದಿನಲ್ಲೇ ವಯಸ್ಸು ಕಳೆದು, ಸಣ್ಣ ದನಿಗಳು ನನ್ನ ಕಿವಿ ಬಿಟ್ಟು ಹೋದವು. ಮನುಷ್ಯರ ಮಾತು ಕೇಳುತ್ತದೆ, ಹಕ್ಕಿಯ ಸಿಳ್ಳೆ ಕೇಳುವುದಿಲ್ಲ. ಹಾಗಿದ್ದೂ ನಾನು ಮತ್ತು ನನ್ನ ಹೆಂಡತಿ ನೀಲಾ ಹಕ್ಕಿ ಗಣತಿಗೆ ಸೇರಿದೆವು. ನಮ್ಮ ಉತ್ತರದ ಸೀಮೆಯಲ್ಲಿ ಯಾವ ಹಕ್ಕಿ ಎಲ್ಲೆಲ್ಲಿದೆ ಎಂದು ನಕ್ಷೆ ಮಾಡುವ ಕೆಲಸ ಅದು. ನೆಲವನ್ನು ಚೌಕಗಳಾಗಿ ಹಂಚಿರುತ್ತಾರೆ. ಪಾಲಿಗೆ ಬಂದ ಚೌಕದಲ್ಲಿ ಮಾತಾಡದೆ ನಿಂತು, ಕಂಡ ಹಕ್ಕಿ, ಕೇಳಿದ ಹಕ್ಕಿ ಎರಡನ್ನೂ ಬರೆಯಬೇಕು.

ನೀಲಾ ಕೌದಿ ಹೊಲಿಯುವವಳು. ಸೂಜಿ ನೂಕಿ ನೂಕಿ ಅವಳ ನಡುಬೆರಳ ತುದಿ ಗಟ್ಟಿಯಾಗಿತ್ತು. ನನ್ನ ಹಿಂದೆ ನಿಂತು ಆ ಬೆರಳಿನಿಂದ ಹೆಗಲು ತಟ್ಟುತ್ತಿದ್ದಳು. ಎಡಕ್ಕೆ ಹಕ್ಕಿ ಕೂಗಿದರೆ ಎಡ ಹೆಗಲು, ಬಲಕ್ಕಾದರೆ ಬಲ. ಎಷ್ಟು ಹಕ್ಕಿಯೋ ಅಷ್ಟು ಸಲ. ನಾನು ತಿರುಗಿ, ದುರ್ಬೀನಿನಲ್ಲಿ ಹುಡುಕಿ 'ಕಂಡದ್ದು' ಎಂದು ಬರೆದರೆ ಜಗಳ.

"ಮೊದಲ ಕೇಳಿದಾಕಿ ನಾನು. ಆಮ್ಯಾಲ ನೀವು ಕಂಡ್ರಿ. ಕೇಳಿದ್ದು ಅಂತ ಬರೀರಿ."

"ನನಗ ಕೇಳಬೇಕಲ್ಲ?"

"ಗಿರಣಿ ಕಿವಿ ನಿಮ್ಮವು. ಅವನ್ನ ನಂಬಿದ್ರ ಈ ತಾಲೂಕಿನ್ಯಾಗ ಕಾಗಿ ಅಷ್ಟ ಉಳೀತಾವು."

ದೇಗಾಂವದ ಗುಡಿಯ ಹಿಂದೆ, ಮುನವಳ್ಳಿಯಾಚೆ ಹಿನ್ನೀರಿನ ದಂಡೆಯಲ್ಲಿ ಹೀಗೇ ನಿಂತಿದ್ದೇವೆ. ರಾಮದುರ್ಗದ ಕಡೆಯ ಒಂದೇ ಚೌಕ ಉಳಿದಿತ್ತು. ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಆ ಚೌಕವನ್ನು ಬೇರೆಯವರಿಗೆ ಕೊಡಿ ಎಂದು ಗಣತಿಯವರಿಗೆ ಹೇಳುವವನಿದ್ದೆ. ನನಗೆ ಕೇಳದ ಹಕ್ಕಿ ನಕ್ಷೆಯಲ್ಲಿ ಇಲ್ಲದ ಹಕ್ಕಿಯಾಗುತ್ತದೆ. ಆದರೆ ಅದು ನಮ್ಮಿಬ್ಬರ ಕೊನೆಯ ಚೌಕ. ಒಮ್ಮೆ ನಿಂತು ನೋಡುವುದು, ಆಗದಿದ್ದರೆ ದುರ್ಬೀನನ್ನೂ ಕೊಟ್ಟುಬಿಡುವುದು ಎಂದು ಹೊರಟೆ.

ಬೆಳಗಿನ ಬಿಸಿಲು. ಕಡಲೆ ಕಿತ್ತ ಎರೆಹೊಲ. ಗಾಳಿ ಇರಲಿಲ್ಲ. ಪಕ್ಕದ ಹೊಲದಲ್ಲಿ ಒಬ್ಬ ಹೆಂಗಸು ಕಸ ತೆಗೆಯುತ್ತಿದ್ದಳು. ಬಹಳ ಹೊತ್ತು ನಿಂತು ಒಂದು ಕಾಗೆಯನ್ನು ಬರೆದೆ. ಪೆನ್ನು ಮುಚ್ಚುವಾಗ ಬಲ ಹೆಗಲ ಮೇಲೆ ಎರಡು ಸಲ ಬೆರಳು ಬಡಿಯಿತು. ಗಟ್ಟಿ ತುದಿಯ ಬೆರಳು.

ಹೆದರಬೇಕೆಂದು ಹೊಳೆಯಲೇ ಇಲ್ಲ. ಅಭ್ಯಾಸದಂತೆ ಬಲಕ್ಕೆ ತಿರುಗಿ ದುರ್ಬೀನು ಎತ್ತಿದೆ. ಬದುವಿನ ಕಲ್ಲಿನ ಮೇಲೆ ಜುಟ್ಟಿನ ನೆಲಗುಬ್ಬಿ ಕುಳಿತಿತ್ತು, ಮಣ್ಣಿನದೇ ಬಣ್ಣ. ಕೊಕ್ಕು ತೆರೆದಿತ್ತು, ಗಂಟಲು ಅದುರುತ್ತಿತ್ತು. ನನಗೆ ಒಂದು ದನಿಯೂ ಕೇಳಲಿಲ್ಲ. ಒಂದೇ ಇದೆಯಲ್ಲ ಎಂದುಕೊಳ್ಳುತ್ತಿದ್ದಂತೆ, ಕಲ್ಲಿನ ಹಿಂದಿನಿಂದ ಇನ್ನೊಂದು ಹಾರಿ ಬಂದು ಅದರ ಪಕ್ಕ ಕುಳಿತಿತು.

ಆಮೇಲೆ ಹಿಂದಿರುಗಿ ನೋಡಿದೆ. ಖಾಲಿ ಹೊಲ.

"ಯಾರನ್ನ ಹುಡಕಾಕತ್ತೀರಿ ಕಾಕಾ?" ಎಂದು ಆ ಹೆಂಗಸು ಕೂಗಿದಳು.

"ನನ್ನ ಹಿಂದ ಯಾರರ ಬಂದಿದ್ರೇನವಾ?"

"ಯಾರದಾರ್ರೀ ಇಲ್ಲಿ? ಆವಾಗಿಂದ ನೋಡಾಕತ್ತೇನಿ, ಬೆದರುಗೊಂಬಿ ನಿಂತಂಗ ಒಬ್ರ ನಿಂತೀರಿ. ಆ ಹಕ್ಕಿ ಸೈತ ನಿಮಗ ಅಂಜವಲ್ದು, ಕಿವಿ ತೂತ ಬೀಳೂಹಂಗ ಒದರಾಕತ್ತೈತಿ."

ಹಾಗಾದರೆ ಅದು ಕೂಗುತ್ತಲೇ ಇತ್ತು. ಹಾಳೆಯಲ್ಲಿ ಬರೆದೆ: ನೆಲಗುಬ್ಬಿ, ಎರಡು. ಅದರ ಮುಂದಿನ ಅಂಕಣದಲ್ಲಿ 'ಕಂಡದ್ದು' ಎಂದು ಬರೆಯಹೋಗಿ, ಕೈ ತಡೆದು, 'ಕೇಳಿದ್ದು' ಎಂದು ಬರೆದೆ.

ನರದ ಸೆಳೆತವಿರಬಹುದು ಎಂದರು ಡಾಕ್ಟರು. ಇರಬಹುದು. ನರಕ್ಕೆ ಕಲ್ಲಿನ ಹಿಂದಿನ ಹಕ್ಕಿ ಹೇಗೆ ಗೊತ್ತಾಯಿತೆಂದು ಅವರನ್ನು ಕೇಳಲಿಲ್ಲ. ಅಂಥದ್ದು ಮತ್ತೆ ನಡೆದಿಲ್ಲ.

ದುರ್ಬೀನು ಇನ್ನೂ ನನ್ನಲ್ಲೇ ಇದೆ. ಕಿವಿ ಚುರುಕಾದವರು ಯಾರಾದರೂ ಜೊತೆಗೆ ಸಿಕ್ಕಾಗ ಮಾತ್ರ ಗಣತಿಗೆ ಹೋಗುತ್ತೇನೆ. ಅವರನ್ನು ಎಡಕ್ಕೆ ನಿಲ್ಲಿಸಿಕೊಳ್ಳುತ್ತೇನೆ. ಹಿಂದೆ ಯಾರೂ ನಿಲ್ಲಬೇಡಿ ಎನ್ನುತ್ತೇನೆ.